ದೂರದ ಬೆಟ್ಟ ನುಣ್ಣಗೆ, ಹತ್ತಿರದ ಬೆಟ್ಟ ಜಲ್ಲಿ

ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಬುಧವಾರ ಒಂದು ಪ್ರಶ್ನೆ ಬೀಳುತ್ತೆ: ‘ಈ ವೀಕೆಂಡ್ ಯಾವ ಟ್ರೆಕ್?’ ಉತ್ತರಗಳೂ ಹೆಚ್ಚುಕಮ್ಮಿ ಅವೇ. ಕುದುರೆಮುಖ, ಕುಮಾರ ಪರ್ವತ, ತಡಿಯಾಂಡಮೋಳ್. ಶುಕ್ರವಾರ ರಾತ್ರಿ ಟಿಟಿ ಹತ್ತಿ, ನಿದ್ದೆಗೆಟ್ಟು, ಬೆಟ್ಟ ಹತ್ತಿಳಿದು, ಸೋಮವಾರ ಕೆಂಪು ಕಣ್ಣು ಹೊತ್ತು ಮೀಟಿಂಗಿಗೆ ಹಾಜರು. ನಾನು ‘ಸಾವನದುರ್ಗ? ಹುತ್ರಿದುರ್ಗ?’ ಅಂದರೆ ತಕ್ಷಣ ಬರುವ ಉತ್ತರ: ‘ಅಲ್ಲೇನಿದೆ ಗುರೂ, ಬರೀ ಬಂಡೆ!’

ನನ್ನ ಜಗಳ ಇರೋದು ಆ ‘ಬರೀ’ ಜೊತೆ. ಮಂಜು, ಹಸಿರು, ಜಲಪಾತ ಇದ್ದರೆ ಮಾತ್ರ ಸೀನರಿ ಅಂತ ನಮಗೆ ಹೇಳಿಕೊಟ್ಟವರು ಯಾರು? ರಾಮನಗರ, ಮಾಗಡಿ ಸುತ್ತಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಿಮಾಲಯ ಏಳೋಕೆ ಶುರುವಾಗಿದ್ದು ಹೆಚ್ಚುಕಮ್ಮಿ 5 ಕೋಟಿ ವರ್ಷದ ಹಿಂದೆ. ನಮ್ಮ ಬಂಡೆಗಳ ಎದುರು ಅದು ನಿನ್ನೆ ಮೊನ್ನೆಯ ಕೂಸು ಕಣ್ರೀ. 1226 ಮೀಟರ್ ಎತ್ತರದ ಸಾವನದುರ್ಗದ ಮೇಲೆ ನಿಂತರೆ ಕೆಳಗೆ ಮಂಚನಬೆಲೆಯ ನೀರು ಕಾಣುತ್ತೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆಯ ಗೋಡೆಗಳು ಇನ್ನೂ ಅಲ್ಲಿವೆ. ರಾಮದೇವರ ಬೆಟ್ಟ ನಮಗೆ ‘ಶೋಲೆ’ಯಿಂದ ಗೊತ್ತು, 2012ರಲ್ಲಿ ಅದನ್ನು ರಣಹದ್ದುಗಳ ಧಾಮ ಮಾಡಿದ್ದು ಎಷ್ಟು ಜನಕ್ಕೆ ಗೊತ್ತು? ಮಾಕಳಿದುರ್ಗದ ಹತ್ತಿರ ಅದೇ ಹೆಸರಿನ ರೈಲು ನಿಲ್ದಾಣವೇ ಇದೆ.

ಇತ್ತ 2024ರ ಜನವರಿ ಕೊನೆಯ ವೀಕೆಂಡಿನಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಎಂಥ ಕ್ಯೂ ಇತ್ತೆಂದರೆ, ಫೋಟೋ ನೋಡಿದವರಿಗೆ ಸಿಲ್ಕ್ ಬೋರ್ಡ್ ನೆನಪಾಗಿರಬೇಕು. ಅರಣ್ಯ ಇಲಾಖೆ ಚಾರಣವನ್ನೇ ಸ್ವಲ್ಪ ದಿನ ನಿಲ್ಲಿಸಬೇಕಾಯ್ತು. ಟ್ರಾಫಿಕ್ಕಿನಿಂದ ತಪ್ಪಿಸಿಕೊಳ್ಳಲು ಹೋಗಿ ಟ್ರಾಫಿಕ್ಕನ್ನೇ ಬೆಟ್ಟಕ್ಕೆ ಹತ್ತಿಸಿದ್ದೇವೆ.

ಆದರೆ ನನ್ನ ನಿಜವಾದ ತಕರಾರು ಬೇರೆ. ‘ಬರೀ ಬಂಡೆ’ ಅಂತ ನಾವು ಹೇಳುತ್ತೇವಲ್ಲ, ಕಲ್ಲು ಕ್ವಾರಿ ಕಂಟ್ರಾಕ್ಟರೂ ಅದನ್ನೇ ಹೇಳೋದು. ಬೆಟ್ಟದ ವಿಷಯದಲ್ಲಿ ಅವನಿಗೂ ನಮಗೂ ಪೂರ್ತಿ ಒಮ್ಮತ! ನಮ್ಮ ಅಪಾರ್ಟ್‌ಮೆಂಟಿನ ಕಾಂಕ್ರೀಟಿಗೆ ಜಲ್ಲಿ, ಎಂ-ಸ್ಯಾಂಡ್ ಬರೋದು ಬಂಡೆ ಒಡೆದೇ. ನಿಜ, ಮನೆ ಕಟ್ಟದೆ ಇರೋಕಾಗಲ್ಲ. ಆದರೆ ಯಾವ ಬಂಡೆ ಉಳಿಯಬೇಕು ಅಂತ ಕೇಳುವವರಾದರೂ ಬೇಡವೇ? ಕುದುರೆಮುಖದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ಸುಪ್ರೀಂ ಕೋರ್ಟ್ ಆದೇಶದಿಂದ. ಆ ಕಾಡನ್ನು ಬಲ್ಲವರು, ಪ್ರೀತಿಸಿದವರು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ಅದು ಸಾಧ್ಯವಾಯ್ತು. ಹೆಸರೇ ಗೊತ್ತಿಲ್ಲದ ಗುಡ್ಡಕ್ಕಾಗಿ ಯಾರು ಹತ್ತುತ್ತಾರೆ?

‘ಎಲ್ಲರೂ ಇಲ್ಲಿಗೇ ನುಗ್ಗಿದರೆ ಇವೂ ಹಾಳಾಗಲ್ವಾ? ನಂದಿ ಬೆಟ್ಟದ ಭಾನುವಾರ ನೋಡಿಲ್ವಾ?’ ಅಂತೀರಿ. ಒಳ್ಳೆ ಪ್ರಶ್ನೆ. ನಂದಿಯ ಪಾಡು ಹಾಗಾಗಿರುವುದು ಎಲ್ಲರಿಗೂ ಅದೊಂದೇ ಗೊತ್ತಿರುವುದರಿಂದ. ಶಿವಗಂಗೆ, ದೇವರಾಯನದುರ್ಗ, ಕಬ್ಬಾಳದುರ್ಗ, ಚನ್ನರಾಯನದುರ್ಗ ಅಂತ ಹಂಚಿಕೊಳ್ಳಿ. ಟಿಕೆಟ್ ಬೇಕಾದ ಕಡೆ ಟಿಕೆಟ್ ತಗೊಳ್ಳಿ, ಸ್ಪೀಕರ್ ಮನೆಯಲ್ಲಿ ಬಿಡಿ, ಚಿಪ್ಸ್ ಕವರ್ ಚೀಲದಲ್ಲೇ ವಾಪಸ್ ತನ್ನಿ.

ನನ್ನ ಸಲಹೆ ಇಷ್ಟೇ: ನಿಮ್ಮದು ಅಂತ ಒಂದು ಬೆಟ್ಟ ಇಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ಸಲ ಅದನ್ನೇ ಹತ್ತಿ. ಮಳೆ ಬಿದ್ದ ಮೇಲೆ ಬಂಡೆಯ ಗುಂಡಿಗಳಲ್ಲಿ ನೀರು ನಿಲ್ಲೋದು, ಬೇಸಿಗೆಯಲ್ಲಿ ಬುಡದ ಕುರುಚಲು ಒಣಗೋದು, ಊರಿನ ದನಗಳ ದಾರಿ ಎಲ್ಲ ಗೊತ್ತಾಗಲಿ. ಆಮೇಲೆ ಒಂದು ದಿನ ಅದರ ಮಗ್ಗುಲಲ್ಲಿ ಡ್ರಿಲ್ಲಿಂಗ್ ಸದ್ದು ಕೇಳಿದರೆ, ‘ಇದಕ್ಕೆ ಪರವಾನಗಿ ಇದೆಯಾ?’ ಅಂತ ಗಣಿ ಇಲಾಖೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ಅದರ ಶುಲ್ಕ 10 ರೂಪಾಯಿ. ಟಿಟಿ ಬಾಡಿಗೆಗಿಂತ ಅಗ್ಗ.