ಆರ್‌ಸಿಬಿಯ 2017: ತಂಡವನ್ನು ಕೆಡವಿದ್ದು ಗಾಯವೇ?

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಕೊನೆಗೂ ಐಪಿಎಲ್ ಕಪ್ ಎತ್ತಿತು. ಅಲ್ಲಿಂದೀಚೆಗೆ ಅಭಿಮಾನಿಗಳ ನಡುವೆ ಹಳೆಯ ವರ್ಷಗಳ ಮಾತು ಮತ್ತೆ ಎದ್ದಿದೆ. ಅದರಲ್ಲೂ ಕಾವೇರುವುದು 2017ರ ಸುದ್ದಿ ಬಂದಾಗ. ಆ ವರ್ಷ 14 ಪಂದ್ಯಗಳಲ್ಲಿ 3 ಗೆಲುವು, 10 ಸೋಲು. ಒಂದು ಪಂದ್ಯ ಮಳೆಯ ಪಾಲು. ಎಂಟು ತಂಡಗಳಲ್ಲಿ ಎಂಟನೆಯ ಸ್ಥಾನ. ಹಿಂದಿನ ವರ್ಷವಷ್ಟೇ ಫೈನಲ್ ಆಡಿದ್ದ ತಂಡ ಹಾಗೆ ಬಿದ್ದದ್ದು ಗಾಯಗಳಿಂದಲೇ? ಗುಂಡ್ಲುಪೇಟೆಯ ದೈಹಿಕ ಶಿಕ್ಷಣ ಶಿಕ್ಷಕಿಯೊಬ್ಬರು ಹೌದು ಎನ್ನುತ್ತಾರೆ. ಭೀಮನಬೀಡಿನ ರೈತರೊಬ್ಬರು ಸುತಾರಾಂ ಒಪ್ಪುವುದಿಲ್ಲ.

ಪರ
ಹೌದು, ಆಡಬೇಕಾದವರೇ ಇಲ್ಲದ ವರ್ಷ ಅದು

ಯಾರು ಯಾರು ಇರಲಿಲ್ಲ ಎಂಬುದರಿಂದಲೇ ಶುರು ಮಾಡುತ್ತೇನೆ.

ಮೊದಲನೆಯದು, ಕೆ.ಎಲ್. ರಾಹುಲ್. 2016ರಲ್ಲಿ ಆರ್‌ಸಿಬಿಗೆ 397 ರನ್ ಕೊಟ್ಟವರು. 2017ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಪುಣೆ ಟೆಸ್ಟ್‌ನಲ್ಲಿ ಎಡ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಸರಣಿ ಮುಗಿಸಿ ಲಂಡನ್ನಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಐಪಿಎಲ್ ಪೂರ್ತಿ ಕೈತಪ್ಪಿತು.

ಎರಡನೆಯದು, ವಿರಾಟ್ ಕೊಹ್ಲಿ. ಹಿಂದಿನ ವರ್ಷ ಒಂದೇ ಟೂರ್ನಿಯಲ್ಲಿ 973 ರನ್ ಹೊಡೆದ ನಾಯಕ. ಮಾರ್ಚ್ 16ರಂದು ರಾಂಚಿ ಟೆಸ್ಟ್‌ನಲ್ಲಿ ಬೌಂಡರಿ ತಡೆಯಲು ಡೈವ್ ಹೊಡೆದಾಗ ಬಲ ಭುಜ ನೆಲಕ್ಕೆ ಬಡಿಯಿತು. ಧರ್ಮಶಾಲಾ ಟೆಸ್ಟ್ ಆಡಲಿಲ್ಲ, ಆರ್‌ಸಿಬಿಯ ಮೊದಲ ಮೂರು ಪಂದ್ಯಗಳನ್ನೂ ಆಡಲಿಲ್ಲ.

ಮೂರನೆಯದು, ಎಬಿ ಡಿ ವಿಲಿಯರ್ಸ್. ಬೆನ್ನುನೋವಿನಿಂದ ಮೊದಲ ಎರಡು ಪಂದ್ಯ ಹೊರಗೆ. ನಾಲ್ಕನೆಯದು, ಅಭ್ಯಾಸದಲ್ಲೇ ಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಟೂರ್ನಿ ಕಳೆದುಕೊಂಡ ಸರ್ಫರಾಜ್ ಖಾನ್. ಇದರ ಮೇಲೆ ಮಿಚೆಲ್ ಸ್ಟಾರ್ಕ್ ಹರಾಜಿಗೂ ಮೊದಲೇ ತಂಡ ಬಿಟ್ಟಿದ್ದರು. ಅದು ಗಾಯದ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಸಂಕಟ ಸಂಕಟವೇ. ಏಪ್ರಿಲ್ 5ರಂದು ಹೈದರಾಬಾದಿನಲ್ಲಿ ಟಾಸ್‌ಗೆ ಬಂದವರು ಶೇನ್ ವಾಟ್ಸನ್. ಆ ಪಂದ್ಯ 35 ರನ್ನಿನಿಂದ ಹೋಯಿತು.

‘ಕೊಹ್ಲಿ ಮೂರೇ ಪಂದ್ಯ ತಪ್ಪಿಸಿಕೊಂಡದ್ದು, ಆಮೇಲೆ ಬಂದರಲ್ಲ’ ಎನ್ನುವವರಿದ್ದಾರೆ. ಈ ಮಾತಿಗೆ ಸ್ವಲ್ಪ ನಿಂತು ಉತ್ತರ ಹೇಳಬೇಕು, ಏಕೆಂದರೆ ಇದು ನನ್ನ ಕೆಲಸದ ವಿಷಯ. ಭುಜ ನಮ್ಮ ಮೈಯಲ್ಲಿ ಎಲ್ಲ ದಿಕ್ಕಿಗೂ ಹೆಚ್ಚು ತಿರುಗುವ ಕೀಲು. ಹಾಗಾಗಿಯೇ ಜಾರುವುದಕ್ಕೂ ಅದೇ ಮುಂದು. ನೋವು ಹೋದ ದಿನವೇ ಬಲ ಬರುವುದಿಲ್ಲ. ಬಲ ಬಂದ ದಿನವೇ ಧೈರ್ಯ ಬರುವುದಿಲ್ಲ. ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಇದನ್ನು ಬಹಳ ಸಲ ನೋಡಿದ್ದೇನೆ. ಭುಜ ಉಳುಕಿಸಿಕೊಂಡು ವಾಸಿಯಾಗಿ ಬಂದ ಹುಡುಗಿ ಥ್ರೋಬಾಲ್ ಎಸೆಯುವಾಗ ಕೈಯನ್ನು ಅರ್ಧದಲ್ಲೇ ಹಿಡಿಯುತ್ತಾಳೆ. ಡಾಕ್ಟರು ಆಡು ಎಂದಿರುತ್ತಾರೆ, ಮೈ ಬೇಡ ಎನ್ನುತ್ತಿರುತ್ತದೆ. ಕೊಹ್ಲಿ ಮುಂಬೈ ವಿರುದ್ಧ ಮರಳಿದ ದಿನ 62 ಹೊಡೆದರು ನಿಜ. ಆದರೆ ಟೂರ್ನಿ ಮುಗಿದಾಗ ಅವರ ಲೆಕ್ಕ 308. 973 ಎಲ್ಲಿ, 308 ಎಲ್ಲಿ? ಡಿ ವಿಲಿಯರ್ಸ್ ಕೂಡ ಇಂದೋರಿನಲ್ಲಿ ಔಟಾಗದೆ 89 ಹೊಡೆದು ಮರಳಿದರು, ಒಟ್ಟು ಮಾತ್ರ 216ಕ್ಕೆ ನಿಂತಿತು. ಆಡದ ಪಂದ್ಯಗಳನ್ನು ಮಾತ್ರ ಎಣಿಸಿದರೆ ಗಾಯ ಮಾಡಿದ ನಷ್ಟ ಪೂರ್ತಿ ಸಿಗುವುದಿಲ್ಲ.

ಹೊರಗಿನ ಉದಾಹರಣೆ ಬೇಕೆಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ನೋಡಿ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸತತ ಐದು ವರ್ಷ ಎನ್‌ಬಿಎ ಫೈನಲ್ ಆಡಿದ ತಂಡ. 2019-20ರಲ್ಲಿ ಕ್ಲೇ ಥಾಮ್ಸನ್ ಮೊಣಕಾಲಿನ ಗಾಯದಿಂದ ವರ್ಷಪೂರ್ತಿ ಆಡಲಿಲ್ಲ. ಸ್ಟೀಫನ್ ಕರಿ ಶುರುವಿನಲ್ಲೇ ಎಡಗೈ ಮುರಿದುಕೊಂಡು ಐದೇ ಪಂದ್ಯ ಆಡಿದರು. ತಂಡ 15 ಗೆದ್ದು 50 ಸೋತಿತು, ಇಡೀ ಲೀಗ್‌ನಲ್ಲಿ ಕೊನೆ. ಅದೇ ಕರಿ, ಅದೇ ಥಾಮ್ಸನ್ ವಾಸಿಯಾಗಿ ಬಂದ ಮೇಲೆ 2022ರಲ್ಲಿ ತಂಡ ಕಪ್ ಗೆದ್ದಿತು. ಆ ತಂಡವನ್ನು ಕಟ್ಟಿದ್ದೇ ತಪ್ಪು ಎಂದು 2020ರಲ್ಲಿ ಬೈದವರು ಏನು ಹೇಳುತ್ತಾರೆ? ಅಲ್ಲಿ ಅಂಗಳದಲ್ಲಿ ಐದೇ ಜನ, ಇಬ್ಬರು ಹೋದರೆ ಅರ್ಧ ತಂಡ ಹೋದ ಹಾಗೆ. ಹನ್ನೊಂದು ಜನರ ಕ್ರಿಕೆಟ್ಟಿನಲ್ಲಿ ಏಟು ಅಷ್ಟು ಜೋರಾಗಿ ಬೀಳುವುದಿಲ್ಲ, ಅದನ್ನು ಒಪ್ಪುತ್ತೇನೆ.

ಇನ್ನು ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತ ವಿರುದ್ಧ ತಂಡ ಬರೀ 49 ರನ್ನಿಗೆ ಆಲೌಟಾದದ್ದು. ಅದನ್ನು ಎಲ್ಲರೂ ಎತ್ತುತ್ತಾರೆ. ಅಂದು ಗೇಲ್, ಕೊಹ್ಲಿ, ಡಿ ವಿಲಿಯರ್ಸ್ ಮೂವರೂ ಆಡಿದ್ದರು, ಗಾಯದ ನೆಪ ಆ ರಾತ್ರಿಗೆ ಹೊಂದುವುದಿಲ್ಲ. ಒಂದು ಕೆಟ್ಟ ರಾತ್ರಿ ಎಂದು ಬಿಟ್ಟುಬಿಡೋಣ. ಒಂದು ರಾತ್ರಿಯಿಂದ ಇಡೀ ವರ್ಷವನ್ನು ಅಳೆಯಬಾರದು.

ಗಾಯಗೊಂಡ ಆಟಗಾರರನ್ನು ಸೋಮಾರಿಗಳಂತೆ, ಕಳ್ಳರಂತೆ ಬೈಯುವ ಚಾಳಿ ನಮ್ಮಲ್ಲಿ ಬಹಳ ಇದೆ. ರಾಹುಲ್ ಆ ಕೆಟ್ಟ ಭುಜದಲ್ಲೇ ಆಸ್ಟ್ರೇಲಿಯ ಸರಣಿಯಲ್ಲಿ ಮತ್ತೆ ಐದು ಅರ್ಧಶತಕ ಹೊಡೆದು ದೇಶವನ್ನು ಗೆಲ್ಲಿಸಿದರು. ಅದರ ಬೆಲೆಯನ್ನು ಆರ್‌ಸಿಬಿ ತೆತ್ತಿತು. ಆ ಹುಡುಗನಿಗೆ ಒಂದು ನಮಸ್ಕಾರ ಹೇಳಿ, 2017ನ್ನು ಗಾಯದ ವರ್ಷವೆಂದೇ ಬರೆದಿಡಿ.

ವಿರೋಧ
ಅಲ್ಲ, ಗಾಯಕ್ಕೆ ಮೊದಲೇ ತಂಡ ಸೋತಿತ್ತು

2017ರ ಏಪ್ರಿಲ್ 9ರಂದು ನಮ್ಮ ಗುಂಡ್ಲುಪೇಟೆಯಲ್ಲಿ ಉಪಚುನಾವಣೆ. ಶಾಸಕ ಮಹದೇವಪ್ರಸಾದ್ ತೀರಿಕೊಂಡು ತೆರವಾಗಿದ್ದ ಸ್ಥಾನಕ್ಕೆ ಗೀತಾ ಮಹದೇವಪ್ರಸಾದ್ ನಿಂತಿದ್ದರು, ಎದುರಿಗೆ ನಿರಂಜನ್ ಕುಮಾರ್. ಇಡೀ ತಾಲ್ಲೂಕಿನಲ್ಲಿ ಬೇರೆ ಮಾತೇ ಇರಲಿಲ್ಲ. ಆದರೂ ಮತದಾನದ ಹಿಂದಿನ ರಾತ್ರಿ ಚಿನ್ನಸ್ವಾಮಿಯಲ್ಲಿ ಡೆಲ್ಲಿ ವಿರುದ್ಧದ ಪಂದ್ಯವನ್ನು ನಮ್ಮಂಥವರು ಬಿಡಲಿಲ್ಲ. ಆ ಪಂದ್ಯವನ್ನು ಎಲ್ಲರೂ ಮರೆತಿದ್ದಾರೆ, ಅದಕ್ಕೇ ನೆನಪಿಸುತ್ತೇನೆ. ಅಂದು ಕೊಹ್ಲಿ ಇರಲಿಲ್ಲ. ಡಿ ವಿಲಿಯರ್ಸ್ ಇರಲಿಲ್ಲ. ರಾಹುಲ್ ಇರಲಿಲ್ಲ. ಸರ್ಫರಾಜ್ ಇರಲಿಲ್ಲ. ಕೇದಾರ್ ಜಾಧವ್ 69 ಹೊಡೆದ, ನಾವು 15 ರನ್ನಿನಿಂದ ಗೆದ್ದೆವು.

ಎರಡು ವಾರ ಕಳೆಯಿತು. ಏಪ್ರಿಲ್ 23, ಈಡನ್ ಗಾರ್ಡನ್ಸ್. ಗೇಲ್ ಇದ್ದ, ಕೊಹ್ಲಿ ಇದ್ದ, ಡಿ ವಿಲಿಯರ್ಸ್ ಇದ್ದ, ಕೇದಾರ್ ಇದ್ದ. ನಮ್ಮ ಬೌಲರ್‌ಗಳು ಕೋಲ್ಕತ್ತವನ್ನು 131ಕ್ಕೆ ಕಟ್ಟಿಹಾಕಿಕೊಟ್ಟಿದ್ದರು. ನಾವು 9.4 ಓವರ್‌ಗಳಲ್ಲಿ 49ಕ್ಕೆ ಆಲೌಟ್. ಒಬ್ಬನೂ ಎರಡಂಕಿ ಮುಟ್ಟಲಿಲ್ಲ; ಕೇದಾರ್ ಹೊಡೆದ 9 ರನ್ನೇ ಎಲ್ಲರಿಗಿಂತ ಹೆಚ್ಚು. ಐಪಿಎಲ್‌ನ ಅತಿ ಕಡಿಮೆ ಮೊತ್ತ ಅಲ್ಲಿಯವರೆಗೆ ರಾಜಸ್ಥಾನದ 58. ಅವರನ್ನು 2009ರಲ್ಲಿ ಹಾಗೆ ಕೆಡವಿದವರು ನಾವೇ. ಇದೇ ಏಪ್ರಿಲ್ 23ರಂದು, 2013ರಲ್ಲಿ, ಗೇಲ್ 175 ಹೊಡೆದು ನಮ್ಮ ತಂಡ 263 ಮಾಡಿತ್ತು. ಯಾರೂ ಇಲ್ಲದ ದಿನ ಗೆಲುವು, ಎಲ್ಲರೂ ಇದ್ದ ದಿನ 49. ಗಾಯ ಗಾಯ ಎನ್ನುವವರು ಈ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಅದೇನು ಒಂದು ರಾತ್ರಿಯ ಕಥೆಯೇ? ಬೆಂಗಳೂರಿನಲ್ಲಿ, ನಮ್ಮದೇ ಅಂಗಳದಲ್ಲಿ, ಆ ವರ್ಷ ಏಳು ಪಂದ್ಯ. ಒಂದು ಮಳೆಗೆ ಹೋಯಿತು. ಒಂದು ಗೆದ್ದೆವು, ಈಗ ಹೇಳಿದೆನಲ್ಲ ಅದೊಂದೇ. ಉಳಿದ ಐದೂ ಸೋಲು. ಮುಂಬೈ ವಿರುದ್ಧ 142, ಪುಣೆ ವಿರುದ್ಧ 134, ಗುಜರಾತ್ ವಿರುದ್ಧ ಮತ್ತೆ 134, ಪಂಜಾಬ್ ವಿರುದ್ಧ 119, ಕೋಲ್ಕತ್ತ ವಿರುದ್ಧ 158. ಈ ಐದೂ ದಿನ ಕೊಹ್ಲಿ ಕ್ರೀಸಿಗೆ ಬಂದಿದ್ದಾರೆ. ಮುಂಬೈ ಪಂದ್ಯ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸ್ಯಾಮ್ಯುಯೆಲ್ ಬದ್ರಿ ಹ್ಯಾಟ್ರಿಕ್ ಹೊಡೆದು ಮುಂಬೈಯನ್ನು 7 ರನ್ನಿಗೆ 4 ವಿಕೆಟ್ ಮಾಡಿ ಕೊಟ್ಟ. ಅಲ್ಲಿಂದ ಪೊಲಾರ್ಡ್ 70 ಹೊಡೆದು ಗೆದ್ದುಕೊಂಡು ಹೋದ. ಅಂದು ಯಾರ ಭುಜ ನೋಯುತ್ತಿತ್ತು?

ಕಾಯಿಲೆ ಇದ್ದದ್ದು ತಂಡ ಕಟ್ಟಿದ ರೀತಿಯಲ್ಲಿ. ಮೂವರು ದೊಡ್ಡ ಬ್ಯಾಟ್ಸ್‌ಮನ್‌ಗಳು, ಅವರ ಹಿಂದೆ ಭರ್ತಿಗೆ ಎಂಟು ಜನ. ಮೂರು ಬೋರ್‌ವೆಲ್ ನಂಬಿ ಇಡೀ ಹೊಲಕ್ಕೆ ಅರಿಶಿನ ಹಾಕಿದವನು, ಒಂದು ಬತ್ತಿತೆಂದು ಮಳೆಯನ್ನು ಬೈದರೆ ಏನು ಬಂತು? 2016ರಲ್ಲಿ ನೀರು ತುಂಬಿ ಹರಿಯಿತು, ಫೈನಲ್ ತಲುಪಿದೆವು. ಆ ಫೈನಲನ್ನೂ ಚಿನ್ನಸ್ವಾಮಿಯಲ್ಲಿ 8 ರನ್ನಿನಿಂದ ಸೋತೆವು. ಆಗಲೇ ಯಾರಾದರೂ ಎಚ್ಚರಾಗಬೇಕಿತ್ತು. 2017ರ ಹರಾಜಿನಲ್ಲಿ ಏನು ಮಾಡಿದರು? ಟೈಮಲ್ ಮಿಲ್ಸ್‌ಗೆ 12 ಕೋಟಿ ಕೊಟ್ಟರು. ಹುಟ್ಟಿನಿಂದ ಬಂದ ಬೆನ್ನಿನ ತೊಂದರೆಯಿಂದ ಟಿ20 ಬಿಟ್ಟು ಬೇರೆ ಕ್ರಿಕೆಟ್ಟನ್ನೇ ಕೈಬಿಟ್ಟಿದ್ದ ಬೌಲರ್ ಆತ, ಇದು ಜಗಜ್ಜಾಹೀರಾಗಿತ್ತು. ಆಡಿದ್ದು ಐದು ಪಂದ್ಯ, ಪಡೆದದ್ದು ಐದು ವಿಕೆಟ್. ಗೊತ್ತಿದ್ದೂ ತಂದುಕೊಂಡದ್ದನ್ನು ದುರದೃಷ್ಟ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಹೊಟ್ಟೆಯೊಳಗಿನ ಸಂಕಟ ಬೇರೆಯೇ ಇದೆ, ಹೇಳಿಬಿಡುತ್ತೇನೆ. ಕರ್ನಾಟಕ 2013-14ರಲ್ಲಿ, 2014-15ರಲ್ಲಿ ಸತತವಾಗಿ ರಣಜಿ ಗೆದ್ದಿತ್ತು. ಅಂಥ ಆಟಗಾರರು ಆಗ ಭಾರತದ ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ. 2017ರ ಐಪಿಎಲ್‌ನಲ್ಲಿ ಅವರೆಲ್ಲ ಎಲ್ಲಿದ್ದರು? ರಾಬಿನ್ ಉತ್ತಪ್ಪ, ಮನೀಷ್ ಪಾಂಡೆ ಕೋಲ್ಕತ್ತದಲ್ಲಿ. ಮಯಾಂಕ್ ಅಗರ್ವಾಲ್ ಪುಣೆಯಲ್ಲಿ. ಎರಡೂ ರಣಜಿ ಗೆಲ್ಲಿಸಿದ ನಾಯಕ ವಿನಯ್ ಕುಮಾರ್ ಮುಂಬೈಯಲ್ಲಿ. ಕರುಣ್ ನಾಯರ್ ಡೆಲ್ಲಿಯಲ್ಲಿ; ಅಲ್ಲಿ ಜಹೀರ್ ಖಾನ್ ಗಾಯಗೊಂಡಾಗ ತಂಡವನ್ನು ಮುನ್ನಡೆಸಿದ್ದೂ ಅವನೇ. ಇವರೆಲ್ಲ ಹಿಂದೆ ಆರ್‌ಸಿಬಿ ಅಂಗಿ ತೊಟ್ಟವರೇ. ಐಪಿಎಲ್‌ನಲ್ಲಿ ಭಾರತೀಯನೊಬ್ಬ ಹೊಡೆದ ಮೊದಲ ಶತಕ ಮನೀಷ್ ಪಾಂಡೆಯದು, 2009ರಲ್ಲಿ, ನಮ್ಮ ತಂಡಕ್ಕಾಗಿ. ಮನೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟೆವು. ಆಮೇಲೆ ರಾಹುಲ್ ಒಬ್ಬನ ಭುಜ ಕೆಟ್ಟದ್ದಕ್ಕೆ ಆಡುವವರೇ ಇಲ್ಲ ಎಂದು ಗೋಳಾಡಿದೆವು. ಆ ವರ್ಷ ಮನೀಷ್ 396 ರನ್ ಹೊಡೆದ, ಉತ್ತಪ್ಪ 388. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹೊಡೆದ ಕೊಹ್ಲಿಯದು 308.

ಚಾಮರಾಜನಗರ ಜಿಲ್ಲೆಯ ನಮ್ಮಂಥ ಊರುಗಳಲ್ಲಿ ಬೇಸಿಗೆಯಲ್ಲಿ ಟೆನ್ನಿಸ್ ಬಾಲ್ ಟೂರ್ನಿ ನಡೆಯುತ್ತದೆ. ಓಪನರ್ ಕಾಲು ಉಳುಕಿಸಿಕೊಂಡರೆ ಪಕ್ಕದ ಬೀದಿಯಲ್ಲಿ ಯಾರು ಚೆನ್ನಾಗಿ ಹೊಡೆಯುತ್ತಾನೆಂದು ನಾಯಕನಿಗೆ ಗೊತ್ತಿರುತ್ತದೆ, ಹೋಗಿ ಕರೆದು ತರುತ್ತಾನೆ. ಕೋಟಿ ಕೋಟಿ ಸುರಿಯುವವರಿಗೆ ತಮ್ಮ ಪಕ್ಕದ ಬೀದಿ ಗೊತ್ತಿರಲಿಲ್ಲ.

ರಾಹುಲ್ ಇದ್ದಿದ್ದರೆ ಇನ್ನೆರಡು ಪಂದ್ಯ ಗೆಲ್ಲುತ್ತಿದ್ದೆವು, ಬೇಕಾದರೆ ಮೂರು. ಅಷ್ಟನ್ನು ನಾನೂ ಒಪ್ಪುತ್ತೇನೆ. ಮೂರು ಗೆಲುವಿನ ವರ್ಷದಲ್ಲಿ ಅದು ಸಣ್ಣ ಮಾತಲ್ಲ ಎಂಬುದೂ ಗೊತ್ತು. ಆದರೆ ಒಂದು ಪ್ರಶ್ನೆಗೆ ಇವತ್ತಿನವರೆಗೆ ಯಾರೂ ನನಗೆ ಉತ್ತರ ಕೊಟ್ಟಿಲ್ಲ. ಅವನ ಗಾಯವೇ ನಮ್ಮನ್ನು ಮುಳುಗಿಸಿದ್ದಾದರೆ, ಗಾಯ ವಾಸಿಯಾದ ಮೇಲೆ ಅವನನ್ನು ಏಕೆ ಬಿಟ್ಟರು? 2018ಕ್ಕೆ ಕೊಹ್ಲಿ, ಡಿ ವಿಲಿಯರ್ಸ್, ಸರ್ಫರಾಜ್‌ರನ್ನು ಉಳಿಸಿಕೊಂಡರು. ರಾಹುಲ್ ಹರಾಜಿಗೆ ಹೋದ, ಪಂಜಾಬ್ 11 ಕೋಟಿ ಕೊಟ್ಟು ಒಯ್ದಿತು. ಅಲ್ಲಿ ಮೊದಲ ಪಂದ್ಯದಲ್ಲೇ 14 ಎಸೆತಕ್ಕೆ ಅರ್ಧಶತಕ, ಆ ವರ್ಷ ಒಟ್ಟು 659 ರನ್. ನಾವು ಆರನೆಯ ಸ್ಥಾನ. 2019ರಲ್ಲಿ ಕೊಹ್ಲಿ 464, ಡಿ ವಿಲಿಯರ್ಸ್ 442 ಹೊಡೆದರು, ಆದರೂ ಮೊದಲ ಆರು ಪಂದ್ಯ ಸಾಲಾಗಿ ಸೋತು ಮತ್ತೆ ಎಂಟನೆಯವರಾದೆವು. ಆ ಸಲ ಯಾವ ಭುಜದ ಕಥೆ ಹೇಳುತ್ತೀರಿ?

ಗಾಯವಾದರೆ ಏನು ಮಾಡಬೇಕು ಎಂಬುದನ್ನು 2025ರ ತಂಡವೇ ತೋರಿಸಿತು. ನಾಯಕ ರಜತ್ ಪಾಟಿದಾರ್ ಬೆರಳಿಗೆ ಪೆಟ್ಟು. ಹೇಜಲ್‌ವುಡ್ ಭುಜಕ್ಕೆ ತೊಂದರೆ. ದೇವದತ್ತ ಪಡಿಕ್ಕಲ್ ಅರ್ಧ ಟೂರ್ನಿಯಲ್ಲೇ ಹೊರಗೆ. ಲಖನೌ ವಿರುದ್ಧ ಮುನ್ನಡೆಸಿದ ಜಿತೇಶ್ ಶರ್ಮಾ ಔಟಾಗದೆ 85 ಹೊಡೆದು 228 ರನ್ ಬೆನ್ನಟ್ಟಿಸಿದ. ಪಡಿಕ್ಕಲ್ ಜಾಗಕ್ಕೆ ಯಾರನ್ನು ಕರೆದರು ಗೊತ್ತಲ್ಲ? ಮಯಾಂಕ್ ಅಗರ್ವಾಲ್‌ನನ್ನು. ಫೈನಲ್‌ನಲ್ಲಿ ಅವನು 24 ರನ್ ಕೊಟ್ಟ, ನಾವು ಗೆದ್ದದ್ದು 6 ರನ್ನಿನಿಂದ. 2017ರಲ್ಲಿ ಕರೆಯಬೇಕಾದವನನ್ನು ಎಂಟು ವರ್ಷ ತಡವಾಗಿ ಕರೆದರು, ಕಪ್ ಬಂತು.

ಆರ್‌ಸಿಬಿಯ ಆಯ್ಕೆಗಾರರಲ್ಲಿ ನನ್ನದೊಂದೇ ಕೇಳಿಕೆ. ಮುಂದಿನ ಹರಾಜಿಗೆ ಮೊದಲು ನಮ್ಮ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿಯನ್ನು ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಕುಳಿತು ನೋಡಿ, ನಮ್ಮ ಹುಡುಗರ ಹೆಸರು ಬರೆದುಕೊಳ್ಳಿ.