‘ಅವ್ವ ಜಾರಿ ಬಿದ್ದಾಳ’ ಅಂತ ಫೋನ್ ಬಂದಾಗ

“ಅವ್ವ ಬಚ್ಚಲದಾಗ ಜಾರಿ ಬಿದ್ದಾಳ. ಟೊಂಕಕ್ಕ ಪೆಟ್ಟಾಗೈತಿ, ಎಣ್ಣಿ ಹಚ್ಚಿ ತಿಕ್ಕೇವಿ. ನೀ ಗಾಬರಿ ಆಗಬ್ಯಾಡ.”

ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಆಫೀಸಿನಲ್ಲಿದ್ದೀರಿ. ಫೋನ್ ಬಂದಿದ್ದು ರೋಣದಿಂದಲೋ, ನರಗುಂದದಿಂದಲೋ, ಗಜೇಂದ್ರಗಡದಿಂದಲೋ. ಗಾಬರಿ ಬೇಡ, ನಿಜ. ಆದರೆ ಎರಡು ಪ್ರಶ್ನೆ ಕೇಳಿ. ಮಲಗಿದಲ್ಲೇ ಕಾಲು ಎತ್ತೋಕೆ ಆಗುತ್ತಾ? ಪೆಟ್ಟಾದ ಕಾಲು ಗಿಡ್ಡಾಗಿ, ಪಾದ ಹೊರಗೆ ವಾಲಿದಂತೆ ಕಾಣುತ್ತಾ? ಕಾಲು ಎತ್ತೋಕಾಗದೆ ಗಿಡ್ಡಾಗಿದ್ದರೆ ಅದು ಬರೀ ಟೊಂಕದ ನೋವಲ್ಲ. ಚಪ್ಪೆ ಮುರಿದಿರುವ ಸಾಧ್ಯತೆಯೇ ಹೆಚ್ಚು.

ಚಪ್ಪೆ ಕೀಲು ನಮ್ಮ ರುಬ್ಬುವ ಒರಳು–ಗುಂಡಿನ ಹಾಗೆ. ತೊಡೆಮೂಳೆಯ ತುದಿಯ ಗುಂಡು ಸೊಂಟದ ಮೂಳೆಯ ಆಳವಾದ ಬಟ್ಟಲಲ್ಲಿ ಕೂತು ತಿರುಗುತ್ತೆ. ಬಟ್ಟಲಿನ ಅಂಚಿಗೊಂದು ಮೃದ್ವಸ್ಥಿಯ ಉಂಗುರ, ಸುತ್ತ ಗಟ್ಟಿ ಲಿಗಮೆಂಟು, ಮೇಲೆ ದಪ್ಪ ಸ್ನಾಯು. ಮುಂಭಾಗದ ಲಿಗಮೆಂಟಂತೂ ಇಡೀ ದೇಹದಲ್ಲೇ ಅತ್ಯಂತ ಬಲವಾದದ್ದು. ಅದಕ್ಕೇ ಭುಜ ಜಾರಿದಷ್ಟು ಸುಲಭವಾಗಿ ಚಪ್ಪೆ ಜಾರಲ್ಲ. ಅದು ಜಾರೋದು ಸಾಮಾನ್ಯವಾಗಿ ದೊಡ್ಡ ಅಪಘಾತದಲ್ಲಿ: ಹೆದ್ದಾರಿಯಲ್ಲಿ ಕಾರು ಗುದ್ದಿ ಮೊಣಕಾಲು ಡ್ಯಾಶ್‌ಬೋರ್ಡ್‌ಗೆ ಬಡಿದಾಗ. ಆಗ ಕಾಲು ಹೆಚ್ಚಾಗಿ ಒಳಕ್ಕೆ ತಿರುಗಿರುತ್ತೆ. ಅದನ್ನು ಆಸ್ಪತ್ರೆಯಲ್ಲಿ ಆದಷ್ಟು ಬೇಗ, ಸಾಧ್ಯವಾದರೆ 6 ಗಂಟೆಯೊಳಗೆ ಕೂರಿಸಬೇಕು.

ವಯಸ್ಸಾದವರಲ್ಲಿ ಮೋಸ ಮಾಡೋದು ಗುಂಡಿನ ಕೆಳಗಿನ ಕುತ್ತಿಗೆ ಭಾಗ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತೆ. ನಿಂತಲ್ಲೇ ಬಿದ್ದರೂ ಸಾಕು, ಮುರಿಯುತ್ತೆ. ಗುಂಡಿಗೆ ರಕ್ತ ಒಯ್ಯುವ ನಾಳಗಳು ಬಹುತೇಕ ಈ ಕುತ್ತಿಗೆಯ ಮೇಲೇ ಹಾದು ಹೋಗುತ್ತವೆ. ಅವು ಹರಿದರೆ ಗುಂಡು ಒಣಗಿ ಸಾಯಬಹುದು. ತಿಕ್ಕೋದು, ಎಳೆದು ಪಟ್ಟು ಕಟ್ಟೋದು ಬೇಡ ಅನ್ನೋದು ಇದಕ್ಕೇ.

ಇನ್ನೊಂದು ಮಾತು ಬರುತ್ತೆ: “ವಯಸ್ಸಾಗೈತಿ, ಆಪರೇಷನ್ ತಡಕೊಳ್ಳಂಗಿಲ್ಲ, ಮಲಗಲಿ ಬಿಡ್ರಿ.” ಬಹುತೇಕರ ವಿಷಯದಲ್ಲಿ ಇದು ಉಲ್ಟಾ. ತಿಂಗಳುಗಟ್ಟಲೆ ಮಲಗಿದರೆ ನ್ಯುಮೋನಿಯಾ, ಬೆನ್ನಹುಣ್ಣು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ಜೀವ ತೆಗೆಯೋದು ಇವೇ. ಆದಷ್ಟು 48 ಗಂಟೆಯೊಳಗೆ ಆಪರೇಷನ್ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸೋದು ವೈದ್ಯರ ಗುರಿ.

ಹಾಗಾಗಿ ಫೋನ್‌ನಲ್ಲಿ ಇಷ್ಟು ಹೇಳಿ: “ಎಬ್ಬಿಸಿ ನಡೆಸಬ್ಯಾಡ್ರಿ. ಬೈಕ್ ಮ್ಯಾಲೆ ನಡುವೆ ಕೂಡಿಸಿಕೊಂಡು ಹೋಗಬ್ಯಾಡ್ರಿ. ಕಾಲಿನ ನಡುವೆ ದಿಂಬು ಇಟ್ಟು 108ಕ್ಕೆ ಫೋನ್ ಮಾಡ್ರಿ.” ರೋಣ, ಗಜೇಂದ್ರಗಡದವರಿಗೆ ಗದಗಿನ ಜಿಮ್ಸ್, ನರಗುಂದದವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಆಧಾರ್, ರೇಷನ್ ಕಾರ್ಡ್, ದಿನದ ಗುಳಿಗೆಗಳ ಚೀಟಿ ಜೊತೆಗಿರಲಿ. ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಮೊದಲೇ ಹೇಳಿಸಿ. ಕುಂಟುತ್ತಾ ನಡೆದರೂ ತೊಡೆಸಂದಿಯಲ್ಲಿ ನೋವಿದ್ದರೆ ಎಕ್ಸ್‌ರೇ ತಪ್ಪಿಸಬೇಡಿ. ಕೆಲವು ಸಲ ಮುರಿದ ಮೂಳೆ ಒಂದರೊಳಗೊಂದು ಸಿಕ್ಕಿಕೊಂಡು ನಡೆಯೋಕೆ ಬಿಡುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಸೀರೆ, ಸ್ವೀಟ್ ಜೊತೆ ಬಚ್ಚಲಿಗೊಂದು ರಬ್ಬರ್ ಮ್ಯಾಟು, ಗೋಡೆಗೊಂದು ಹಿಡಿಕೆ, ರಾತ್ರಿ ಉರಿಯೋ ಸಣ್ಣ ಬಲ್ಬು ಒಯ್ಯಿರಿ. “ಇದೆಲ್ಲಾ ಯಾಕ?” ಅಂತ ಅವ್ವ ಬೈತಾಳೆ. ಬೈಸಿಕೊಂಡೇ ಹಾಕಿಸಿ ಬನ್ನಿ.