ರಿವೆಟ್ ಎಣಿಸೋರೇ, ಹಳಿ ಅಳೆದು ನೋಡಿದ್ದೀರಾ?

ಬ್ರಿಟನ್ನಿನ ಮಾಡೆಲ್ ರೈಲು ಹುಚ್ಚರ ಜಗಳ ನೋಡೋದು ಅಂದರೆ ನನಗೆ ಟೆಸ್ಟ್ ಮ್ಯಾಚ್ ನೋಡಿದಷ್ಟೇ ಖುಷಿ. ಹೊಸ ಸ್ಟೀಮ್ ಇಂಜಿನ್ನಿನ ಮಾಡೆಲ್ ಒಂದು ಬಂತು ಅಂದರೆ ಸಾಕು. ಡಬ್ಬಿ ಬಿಚ್ಚಿ ಹತ್ತು ನಿಮಿಷ ಆಗಿರೋದಿಲ್ಲ, ಶುರು! ಹಸಿರು ಹಳದಿಗೆ ತಿರುಗಿದೆ, ಚಿಮಣಿ ಅರ್ಧ ಮಿಲಿಮೀಟರ್ ಗಿಡ್ಡ, ಕ್ಯಾಬಿನ ಪಕ್ಕದ ರಿವೆಟ್ ಸಾಲಿನಲ್ಲಿ ಒಂದು ಕಮ್ಮಿ... ಇಂಥವರಿಗೆ ಅಲ್ಲಿ 'ರಿವೆಟ್ ಕೌಂಟರ್' ಅಂತ ಅಡ್ಡಹೆಸರೇ ಇದೆ.

ಅವರನ್ನು ಆಡಿಕೊಂಡು ನಗೋದಕ್ಕೆ ಇದನ್ನು ಬರೀತಿಲ್ಲ. ಅವರ ಹಟ ನನಗೆ ಇಷ್ಟ. ನನ್ನ ತಕರಾರು ಏನಂದರೆ, ಇವರು ಎಣಿಸಬೇಕಾದ್ದನ್ನು ಬಿಟ್ಟು ಬೇರೆ ಏನೇನೋ ಎಣಿಸುತ್ತಾ ಕೂತಿದ್ದಾರೆ.

'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಇಂಜಿನ್ನನ್ನೇ ತಗೊಳ್ಳಿ. ಅಷ್ಟು ಹೆಸರುವಾಸಿ ಇಂಜಿನ್ ಇನ್ನೊಂದಿಲ್ಲ, ಅದರ ಮಾಡೆಲ್ ಬಂದಷ್ಟು ಸಲ ಜಗಳ. "ಇದು ನಿಜವಾದ ಸ್ಕಾಟ್ಸ್‌ಮನ್ ಅಲ್ಲ" ಅಂತ ಒಬ್ಬರು ಹೇಳಿಯೇ ಹೇಳುತ್ತಾರೆ. ಸ್ವಾಮಿ, ಯಾವುದು ನಿಜವಾದ್ದು? 1923ರಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದಾಗ ಅದರ ನಂಬರು 1472. ಮರುವರ್ಷ ವೆಂಬ್ಲಿ ಪ್ರದರ್ಶನದ ಹೊತ್ತಿಗೆ 4472. 1928ರಲ್ಲಿ ಲಂಡನ್ನಿನಿಂದ ಎಡಿನ್‌ಬರೊವರೆಗೆ ಎಲ್ಲೂ ನಿಲ್ಲದೆ ಓಡಬೇಕಾಗಿ ಬಂತು. ನಡುದಾರಿಯಲ್ಲೇ ಡ್ರೈವರ್ ಬದಲಾಗಲಿ ಅಂತ ಒಳಗೊಂದು ಕಿರುದಾರಿ ಇರುವ ಟೆಂಡರ್ ಬಂತು. 1947ರಲ್ಲಿ ಎ1 ಹೋಗಿ ಎ3 ಆಯಿತು, ಬಾಯ್ಲರೇ ಬೇರೆ. ಆಮೇಲೆ ನಂಬರು 60103. 1950ರ ದಶಕದಲ್ಲಿ ಡ್ರೈವರ್ ಬಲಗಡೆಯಿಂದ ಎಡಗಡೆಗೆ ಬಂದ. ಆ ದಶಕದ ಕೊನೆಗೆ ಜೋಡಿ ಚಿಮಣಿ, 1961ರಲ್ಲಿ ಹೊಗೆ ಕಣ್ಣಿಗೆ ಬಾರದ ಹಾಗೆ ಮುಂದೆ ಎರಡು ತಗಡು. 1963ರಲ್ಲಿ ರಿಟೈರ್. ಕೊಂಡುಕೊಂಡ ಅಲನ್ ಪೆಗ್ಲರ್ 1969ರಲ್ಲಿ ಅಮೆರಿಕಕ್ಕೆ ಒಯ್ದಾಗ ಅದಕ್ಕೆ ಗಂಟೆಯನ್ನೂ ದೀಪವನ್ನೂ ಹಸು ತಳ್ಳುವ ಜಾಲರಿಯನ್ನೂ ಕಟ್ಟಿದರು!

ಇನ್ನೂ ತಮಾಷೆ ಇದೆ. ರೈಲ್ವೆ ಸೇವೆಯಲ್ಲಿ ಇದ್ದಷ್ಟು ದಿನ ಆ ಪ್ರಸಿದ್ಧ ಆಪಲ್ ಗ್ರೀನ್ ಬಣ್ಣವೂ ಜೋಡಿ ಚಿಮಣಿಯೂ ಒಟ್ಟಿಗೆ ಅದರ ಮೈಮೇಲೆ ಇರಲೇ ಇಲ್ಲ. ಆದರೆ 1999ರ ನಂತರ ಕೆಲವು ವರ್ಷ ಅಸಲಿ ಇಂಜಿನ್ನೇ ಆ ವೇಷದಲ್ಲಿ ಓಡಾಡಿತು. ಅಂದರೆ ಅಸಲಿಯೇ 'ತಪ್ಪು' ವೇಷ ಹಾಕಿತ್ತು. ಇಂಗ್ಲೆಂಡಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನವರು ದುರಸ್ತಿ ಮಾಡಿ 2016ರಲ್ಲಿ ಹಳಿಗಿಳಿಸಿದಾಗ, ಜೋಡಿ ಚಿಮಣಿಗೆ ಹೊಂದುವ ಕಡು ಹಸಿರು ಬಳಿದು 60103 ಅಂತ ಬರೆಸಿದರು. ಜನ ಅದಕ್ಕೂ ಮುನಿಸಿಕೊಂಡರು, ನಮ್ಮ ಆಪಲ್ ಗ್ರೀನ್ ಎಲ್ಲಿ ಅಂತ.

ಈ ವಿವರಗಳ ಹಿಂದೆ ಬೀಳುವುದರಲ್ಲಿ ತಪ್ಪೇನಿಲ್ಲ. ಯಾವ ವರ್ಷದ ಇಂಜಿನ್ನಿಗೆ ಯಾವ ಟೆಂಡರ್ ಅನ್ನೋದು ಒಳ್ಳೆ ಪ್ರಶ್ನೆ, ಒಳ್ಳೆ ಇತಿಹಾಸ ಕೂಡ. ಆದರೆ ಇಷ್ಟೆಲ್ಲ ತಕರಾರು ಎತ್ತಿ, ಕೊನೆಗೆ ಆ ಇಂಜಿನ್ನನ್ನು ಇವರು ಇಡೋದು ಎಲ್ಲಿ? 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ.

ಲೆಕ್ಕ ಸಣ್ಣದು. ಬ್ರಿಟನ್ನಿನಲ್ಲಿ ಹೆಚ್ಚು ಚಾಲ್ತಿಯಲ್ಲಿರೋ 'ಡಬಲ್ ಓ' ಅಳತೆಯಲ್ಲಿ ಅಸಲಿಯ ಒಂದು ಅಡಿಗೆ ಮಾಡೆಲ್‌ನಲ್ಲಿ 4 ಮಿಲಿಮೀಟರ್. ಅಸಲಿ ಹಳಿಗಳ ನಡುವೆ 4 ಅಡಿ ಎಂಟೂವರೆ ಇಂಚು ಇರುತ್ತೆ. ಹಾಗಾದರೆ ಮಾಡೆಲ್‌ನಲ್ಲಿ 18.83 ಮಿಲಿಮೀಟರ್ ಇರಬೇಕು. ಇರೋದು 16.5. ಅದನ್ನು ವಾಪಸ್ ದೊಡ್ಡದು ಮಾಡಿ ನೋಡಿದರೆ 4 ಅಡಿ ಒಂದೂವರೆ ಇಂಚು. ಏಳು ಇಂಚು ಮಾಯ! ಅರ್ಧ ಮಿಲಿಮೀಟರ್ ಚಿಮಣಿಗೆ ಬೊಬ್ಬೆ ಹೊಡೆಯುವವರ ಕಣ್ಣೆದುರೇ ಹಳಿಯಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ಕಾಣೆಯಾಗಿದೆ.

ಇದಕ್ಕೆ ಕಾರಣ ಇತ್ತು, ಇಲ್ಲ ಅನ್ನಲ್ಲ. ಬ್ರಿಟನ್ನಿನ ಸುರಂಗ, ಸೇತುವೆಗಳೆಲ್ಲ ಇಕ್ಕಟ್ಟು, ಹಾಗಾಗಿ ಇಂಜಿನ್ನುಗಳೂ ಯೂರೋಪಿನವಕ್ಕಿಂತ ಸಣ್ಣವು. ಯೂರೋಪಿನ ಎಚ್‌ಓ ಅಳತೆಗೆ, ಅಂದರೆ ಅಡಿಗೆ 3.5 ಮಿಲಿಮೀಟರಿಗೆ, ಇಳಿಸಿದರೆ ಆ ಕಾಲದ ಮೋಟರ್ ಒಳಗೆ ಹಿಡಿಸುತ್ತಿರಲಿಲ್ಲ. ಸರಿ, ಹಳಿ ಎಚ್‌ಓದ್ದೇ ಇರಲಿ, ಮೇಲಿನ ಮೈ ಮಾತ್ರ ದೊಡ್ಡದು ಮಾಡೋಣ ಅಂದರು. 1938ರಲ್ಲಿ ಹಾರ್ನ್‌ಬಿ ಡುಬ್ಲೊ ಬಂದ ಮೇಲಂತೂ ಇದೇ ಶಾಸ್ತ್ರವಾಯಿತು. ಮೋಟರು ಬೆರಳಿನ ತುದಿಯಷ್ಟು ಸಣ್ಣದಾದ ಮೇಲೂ ಶಾಸ್ತ್ರ ಮಾತ್ರ ಹಾಗೇ ಉಳಿಯಿತು. ಸರಿಯಾದ 18.83ರಲ್ಲೇ ಕೈಯಾರೆ ಹಳಿ ಹಾಕಿಕೊಳ್ಳುವ ಪಿ4 ಪಂಗಡ 1960ರ ದಶಕದಿಂದಲೂ ಇದೆ. ಅವರನ್ನು ಉಳಿದವರು ನೋಡೋದು ನಾವು ಮಡಿ ಆಚಾರದವರನ್ನು ನೋಡಿದ ಹಾಗೆ.

ಇನ್ನೊಂದು ವಿಷಯ. ಡಬಲ್ ಓ ರೈಲುಸೆಟ್ಟಿನ ಸಾಮಾನ್ಯ ತಿರುವಿನ ತ್ರಿಜ್ಯ 438 ಮಿಲಿಮೀಟರ್. ಅಸಲಿಯಲ್ಲಿ ಅದು ಮೂವತ್ಮೂರು ಮೀಟರ್. ಒಂದು ಸಣ್ಣ ಲೇಔಟಿನ ಗಲ್ಲಿಯಲ್ಲಿ ಎಕ್ಸ್‌ಪ್ರೆಸ್ ರೈಲು ತಿರುಗಿಸಿದ ಹಾಗೆ! ಅಲ್ಲಿ ತಿರುಗಲಿ ಅಂತ ಹಾರ್ನ್‌ಬಿಯ ಎ3 ಮಾಡೆಲ್ಲುಗಳಲ್ಲಿ ಕ್ಯಾಬಿನ ಕೆಳಗಿನ ಚಕ್ರಕ್ಕೆ ಹಳಿ ಹಿಡಿಯುವ ಅಂಚನ್ನೇ ತೆಗೆದಿದ್ದಾರೆ. ತಿರುವಿನಲ್ಲಿ ಚಕ್ರ ಒಂದು ಕಡೆ, ಹಳಿ ಒಂದು ಕಡೆ. ಅದರ ಮೇಲಿನ ರಿವೆಟ್ ಸಾಲು ಮಾತ್ರ ಪಕ್ಕಾ ಇರಬೇಕಂತೆ.

2022ರ ಅಕ್ಟೋಬರಿನಲ್ಲಿ ಅದೇ ಹಾರ್ನ್‌ಬಿ ಟಿಟಿ:120 ಅಂತ ಹೊಸ ಅಳತೆ ಶುರು ಮಾಡಿತು. ಮೊದಲ ಸೆಟ್ಟುಗಳಲ್ಲೇ ಸ್ಕಾಟ್ಸ್‌ಮನ್. ಅಸಲಿಯ 120ನೇ ಒಂದು ಪಾಲು, ಹಳಿ 12 ಮಿಲಿಮೀಟರ್. ಲೆಕ್ಕ ಹಾಕಿ, ಇರಬೇಕಾದ್ದು 11.96. ಕೂದಲೆಳೆಯಷ್ಟು ವ್ಯತ್ಯಾಸ. ಪೂರ್ವ ಜರ್ಮನಿಯ ಜನ ದಶಕಗಳ ಹಿಂದೆಯೇ ಇದೇ ಅಳತೆಯಲ್ಲಿ ಸುಖವಾಗಿ ಆಡಿಕೊಂಡಿದ್ದರು. ಬ್ರಿಟನ್ನಿನಲ್ಲಿ 1957ರಲ್ಲಿ ಟ್ರೈ-ಆಂಗ್ ಕಂಪನಿ ಟಿಟಿ ಅಂತ ತಂದಾಗಲೂ ಮೈ ದೊಡ್ಡದು ಮಾಡಿ ಕೆಡಿಸಿತ್ತು. ಈ ಸಲ ಕೆಡಿಸಲಿಲ್ಲ.

ರಿವೆಟ್ ಎಣಿಸುವವರು ಹಬ್ಬ ಮಾಡಬೇಕಿತ್ತು ತಾನೆ? ಬಂದ ಮಾತುಗಳೋ: "ಆಟಿಕೆ", "ಯಾರು ಕೇಳಿದ್ದರು ಇದನ್ನು?", "ಮಾರುಕಟ್ಟೆ ಒಡೆಯುತ್ತೆ". ಮೊದಮೊದಲು ಅಂಗಡಿಗಳಿಗೆ ಕೊಡದೆ ಕಂಪನಿಯೇ ನೇರ ಮಾರಿದ್ದಕ್ಕೆ ಸಿಟ್ಟು ಬಂದದ್ದು ನ್ಯಾಯ, ಅದನ್ನು ಒಪ್ಪುತ್ತೇನೆ. ಚಕ್ರದ ಅಂಚು ಇಲ್ಲೂ ದಪ್ಪ, ತಿರುವಿನ ವಿಷಯದಲ್ಲಿ ಇದೂ ಸಾಧುವೇನಲ್ಲ. "ನನ್ನ ಹತ್ತಿರ ಬೀರು ತುಂಬ ಡಬಲ್ ಓ ಇದೆ ಮಾರಾಯ, ಈಗ ಬದಲಾಯಿಸೋಕಾಗಲ್ಲ" ಅನ್ನುವವರ ಮೇಲೂ ನನಗೆ ಸಿಟ್ಟಿಲ್ಲ. ಅದು ಪ್ರಾಮಾಣಿಕ ಮಾತು. ನನ್ನ ಸಿಟ್ಟು "ರೈಲು ಓಡುವಾಗ ಹಳಿ ಅಗಲ ಯಾರು ನೋಡ್ತಾರೆ?" ಅನ್ನುವವರ ಮೇಲೆ. ಹಳಿ ಕಾಣದ ಕಣ್ಣಿಗೆ ರಿವೆಟ್ ಹೇಗೆ ಕಾಣುತ್ತಪ್ಪಾ?

ನಮಗೆ ಬ್ಲಾಗಿಗರಿಗೆ ಈ ವಾದ ಹೊಸದಲ್ಲ. ಯೂನಿಕೋಡ್ ಬಂದಾಗ ಇದೇ ಮಾತು ಕೇಳಿದ್ದೆವಲ್ಲ! ಅರ್ಕಾವತ್ತು ಚಂದ ಮೂಡಲ್ಲ, ಒತ್ತಕ್ಷರ ಜಾರುತ್ತೆ ಅಂತ ಗಂಟೆಗಟ್ಟಲೆ ಕೊಂಕು ತೆಗೆದವರ ಫೈಲಿನೊಳಗೆ ಇದ್ದದ್ದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ. ಡಿಟಿಪಿ ಅಂಗಡಿಗಳಲ್ಲಿ ಆ ಹಳೇ ಫಾಂಟುಗಳು ಇಂದಿಗೂ ಬದುಕಿವೆ.

ಕಂಪನಿಗಳಿಗೆ ಈ ಹಸಿರು ಬಣ್ಣದ ಜಗಳದಿಂದ ಲಾಭವೇ. ಅದೇ ಅಚ್ಚು, ಈ ವರ್ಷ 4472, ಬರುವ ವರ್ಷ 60103, ಆಮೇಲೊಂದು ಸೀಮಿತ ಆವೃತ್ತಿ. ಬಣ್ಣ ಬದಲಾಯಿಸೋದು ಅಗ್ಗ, ಹೊಸ ಅಚ್ಚು ಮಾಡಿಸೋದು ದುಬಾರಿ. ನೀವು ಬಣ್ಣಕ್ಕೆ ಜಗಳವಾಡಿದಷ್ಟೂ ಅವರ ಕೆಟಲಾಗಿಗೆ ಪುಟ ಹೆಚ್ಚು. ನಿಮ್ಮ ಕಟ್ಟುನಿಟ್ಟು ಅವರಿಗೆ ಪುಕ್ಕಟೆ ಜಾಹೀರಾತು. ಇದರಲ್ಲಿ ಸೋಲೋದು ಯಾರು? ಈಗ ತಾನೆ ಹವ್ಯಾಸಕ್ಕೆ ಇಳಿಯುವ ಹುಡುಗ. ಸಣ್ಣ ಮನೆ, ಒಂದು ಮೇಜಿನಷ್ಟು ಜಾಗ, ಟಿಟಿ:120 ಅವನಿಗೆ ಹೇಳಿ ಮಾಡಿಸಿದ್ದು. ದೊಡ್ಡವರು ಮೂಗು ಮುರಿದರೆ ಅವನು ಕೊಳ್ಳೋದು ಡಬಲ್ ಓನೇ ಅಥವಾ ಏನೂ ಇಲ್ಲ.

ನಮ್ಮ ದೇಶದ ಇಂಜಿನ್ನುಗಳ ಕಥೆ ಬೇರೆ ಅಂದುಕೊಳ್ಳಬೇಡಿ. ಮೀಟರ್‌ಗೇಜ್ ರೈಲಿನಿಂದಿಳಿದು ಬ್ರಾಡ್‌ಗೇಜ್ ರೈಲಿಗೆ ಸಾಮಾನು ಹೊತ್ತವರಿಗೆ ಹಳಿ ಅಗಲ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಚ್‌ಓ ಅಳತೆಗೆ ಇಳಿಸಿದರೆ 19 ಮಿಲಿಮೀಟರಿಗೂ ಮೇಲೆ. ಆದರೂ ಭಾರತದ ಡಬ್ಲ್ಯುಪಿ ಇಂಜಿನ್ನಿನ ಮಾಡೆಲ್ ಮಾಡಿದವರು ಅದನ್ನು ಓಡಿಸೋದು ಸಾಮಾನ್ಯವಾಗಿ ಅದೇ 16.5ರ ಮೇಲೆ, ಯಾಕಂದರೆ ಅಂಗಡಿಯಲ್ಲಿ ಸಿಗೋದು ಅದೇ. ಅವರ ಮಾತು ಬಿಡಿ, ಅವರಿಗೆ ಬೇರೆ ದಾರಿ ಇಲ್ಲ. ಬ್ರಿಟನ್ನಿನವರಿಗೆ ದಾರಿ ಸಿಕ್ಕಿದೆ.

ಹಾಗಾಗಿ ಮುಂದಿನ ಸಲ ಹೊಸ ಸ್ಟೀಮ್ ಇಂಜಿನ್ ಬಿಡುಗಡೆ ಆದಾಗ ಪಕ್ಕದಿಂದ ತೆಗೆದ ಫೋಟೋ ಬೇಡ, ಹಸಿರಿನ ಚರ್ಚೆ ಆಮೇಲಿರಲಿ. ಹಳಿಯ ಮೇಲಿಟ್ಟು ಎದುರಿಗೆ ನಿಂತು ಒಂದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.